ಬಸ್ರಾ ಅಜ್ಜನ ಪದಕ

ತಮ್ಮ ಮನೆತನದ ಚರಿತ್ರೆಯನ್ನು ಅರಸಿ ಹೊರಟವರು ಸಾಮಾನ್ಯವಾಗಿ ಒಬ್ಬ ಅರಸನನ್ನೋ ಮಂತ್ರಿಯನ್ನೋ ಹುಡುಕುತ್ತಾರೆ. ಅವರಾರೂ ದೊರೆಯದಿದ್ದರೆ ಒಬ್ಬ ದಂಡಾಳನ್ನಾದರೂ ಕಂಡುಕೊಂಡು ಸಮಾಧಾನಪಡುತ್ತಾರೆ. ನಮ್ಮ ಮನೆಯವರಿಗೆ ಆ ಶ್ರಮವಿರಲಿಲ್ಲ. ನಮ್ಮಲ್ಲಿ ದಂಡಾಳು ಸಿದ್ಧವಾಗಿಯೇ ಇದ್ದರು. ಅವರನ್ನು ನಾವು ‘ಬಸ್ರಾ ಅಜ್ಜ’ ಎಂದು ಕರೆಯುತ್ತಿದ್ದೆವು. ಅವರು ನನ್ನ ಅಜ್ಜಿಯ ಅಣ್ಣ. ನನ್ನ ತಾಯಿಗೆ ಸೋದರಮಾವ, ತುಳುವಿನಲ್ಲಿ ಹೇಳುವುದಾದರೆ ‘ತಮ್ಮಲೆ’. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬಸ್ರಾಕ್ಕೆ ಹೋಗಿ, ತುರ್ಕರೊಡನೆ ಕಾದಾಡಿ, ಮರಳಿ ಮಂಗಳೂರಿಗೆ ಬಂದು, ಜೆಪ್ಪುವಿನ ನಮ್ಮ ಕುಟುಂಬದ ಮನೆಯಲ್ಲಿ ಯಜಮಾನರಾಗಿ ಬಾಳಿ, ನಾನು ಹುಟ್ಟುವುದಕ್ಕೆ ಮೊದಲೇ ತೀರಿಕೊಂಡವರು. ಇಷ್ಟು ನಮಗೆ ತಿಳಿದಿದ್ದ ಚರಿತ್ರೆ. ಇದರಲ್ಲಿ ನಡೆದದ್ದೆಷ್ಟು, ನಾವು ಕಟ್ಟಿದ್ದೆಷ್ಟು ಎಂಬುದನ್ನು ದಂಡಿನ ಹಳೆಯ ಕಾಗದಪತ್ರಗಳಲ್ಲಿ ಹುಡುಕಿದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಆ ಚರಿತ್ರೆಗೆಲ್ಲ ಆಧಾರವಾಗಿದ್ದುದು ಒಂದು ಪದಕ. ದೇವರ ಕೋಣೆಯ ಗೋಡೆಯ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕದಲ್ಲಿ ಅದು ಇರುತ್ತಿತ್ತು. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆಯ ತಲೆ. ಇನ್ನೊಂದು ಮುಖದಲ್ಲಿ ಕುದುರೆಯೇರಿದ ಒಬ್ಬ ಪುರುಷ. ಕುದುರೆಯ ಗೊರಸಿನ ಕೆಳಗೆ ಹದ್ದಿನ ಚಿತ್ರವಿರುವ ಗುರಾಣಿ ಮತ್ತು ತಲೆಬುರುಡೆ. ಆಚೀಚೆ 1914 ಮತ್ತು 1918 ಎಂಬ ಇಸವಿಗಳು. ಪ್ರತಿ ದೀಪಾವಳಿಗೆ ನನ್ನ ದೊಡ್ಡಮ್ಮ ಅದನ್ನು ಕೆಳಗಿಳಿಸಿ, ಹುಣಸೆಹುಳಿ ಹಚ್ಚಿ, ದೀಪದ ಕಂಬಗಳೊಡನೆ ತಿಕ್ಕಿ ತೊಳೆಯುತ್ತಿದ್ದರು. ಆಗ ಅದು ಬಂಗಾರದಂತೆ ಹೊಳೆಯುತ್ತಿತ್ತು. ಮಕ್ಕಳಾದ ನಮ್ಮ ಪಾಲಿಗೆ ಕುದುರೆಯ ಮೇಲೆ ಕುಳಿತಿದ್ದವರೇ ಬಸ್ರಾ ಅಜ್ಜ. ಮೈಮೇಲೆ ಬಟ್ಟೆಯಿಲ್ಲದೆ ಅವರೇಕೆ ಯುದ್ಧಕ್ಕೆ ಹೋದರೆಂಬ ಸಂದೇಹ ನಮಗೆ ಬಾರದೆ ಇರಲಿಲ್ಲ. ಆದರೆ ಬಸ್ರಾ ಬಲು ಸೆಕೆಯ ಊರೆಂದು ಹಿರಿಯರು ಹೇಳಿದ್ದರಿಂದ ಆ ಸಂದೇಹವೂ ಪರಿಹಾರವಾಗಿತ್ತು. ಪ್ರೌಢಶಾಲೆಯಲ್ಲಿ ‘ನಾನು ಮೆಚ್ಚಿದ ವೀರ’ ಎಂಬ ಪ್ರಬಂಧ ಬರೆಯಲು ಹೇಳಿದಾಗ ಉಳಿದವರು ಶಿವಾಜಿ, ರಾಣಿ ಅಬ್ಬಕ್ಕ ಎಂದು ಬರೆದರೆ ನಾನು ನಮ್ಮ ಅಜ್ಜನನ್ನು ಕುರಿತು ಬರೆದೆ. ಮಾಸ್ತರರು ಅದನ್ನು ತರಗತಿಯಲ್ಲಿ ಓದಿಸಿದರು.

ಜೀವಮಾನವೆಲ್ಲ ನಾನು ಬ್ಯಾಂಕಿನಲ್ಲಿ ದುಡಿದವನು. ಚೀಟಿಯಿಲ್ಲದ ಲೆಕ್ಕವನ್ನು ನಂಬುವುದು ನನ್ನ ವೃತ್ತಿಗೆ ಸಲ್ಲದ್ದು. ಆದರೂ ಮನೆಯ ಈ ಒಂದು ಲೆಕ್ಕವನ್ನು ನಾನು ಐವತ್ತು ವರ್ಷ ಚೀಟಿ ಕೇಳದೆ ನಂಬಿದ್ದೆ. ನಿವೃತ್ತನಾದ ಮೇಲೆ, ಮೊಮ್ಮಗಳು ಅದೇ ಕಥೆಯನ್ನು ತನ್ನ ಶಾಲೆಗೆ ಬರೆದುಕೊಂಡು ಹೋಗಲು ಅಣಿಯಾದಾಗ, ಅಜ್ಜ ಯಾವ ಪಡೆಯಲ್ಲಿದ್ದರು, ಯಾವ ವರ್ಷ ಹೋದರು ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕಾಟ ಆರಂಭವಾದದ್ದು ಹೀಗೆ.

ಎಲ್ಲಿ ಹುಡುಕಬೇಕೆಂಬುದೇ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಜಿಲ್ಲೆಯ ಆಡಳಿತದ ಚರಿತ್ರೆಯಲ್ಲಿದೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದಾಗ ಕೆನರಾ ಇಂಗ್ಲಿಷರ ಕೈಗೆ ಬಂತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನೊಡನೆಯೇ ಉಳಿಯಿತು. ಆದಕಾರಣ ಮಹಾಯುದ್ಧದ ಕಾಲದ ಮಂಗಳೂರಿನ ಸರಕಾರಿ ಕಾಗದಗಳ ಜಾಡು ಹಿಡಿಯುವವರು ಮದ್ರಾಸಿನ, ಅಂದರೆ ಇಂದಿನ ಚೆನ್ನೈನ, ಎಗ್ಮೋರಿನಲ್ಲಿರುವ ಪತ್ರಾಗಾರಕ್ಕೆ ಹೋಗಬೇಕು. ದಂಡಿನ ಇಲಾಖೆಯ ಕಡತಗಳಿಗೆ ದಿಲ್ಲಿಯ ರಾಷ್ಟ್ರೀಯ ಪತ್ರಾಗಾರ. ಲಂಡನ್ನಿನ ಇಂಡಿಯಾ ಆಫೀಸಿನಲ್ಲಿದ್ದ ಸೈನಿಕ ದಫ್ತರಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಯುದ್ಧದಲ್ಲಿ ಮಡಿದವರ ಹೆಸರುಗಳನ್ನು 1917ರಲ್ಲಿ ಸ್ಥಾಪನೆಯಾದ ಯುದ್ಧ ಸಮಾಧಿಗಳ ಆಯೋಗವು ಕಾಯ್ದುಕೊಂಡು ಬಂದಿದೆ. ಇವೆಲ್ಲ ಕಡೆಗೂ ನಾನು ಹೋದೆ, ಇಲ್ಲವೇ ಬರೆದೆ.

ಸಿಪಾಯಿಗಳ ವೈಯಕ್ತಿಕ ಸೇವಾಪತ್ರಗಳು ಮಾತ್ರ ಆಯಾ ಪಡೆಗಳ ದಫ್ತರಗಳಿಗೆ ಸೇರಿದ ಸ್ವತ್ತು. ಅವನ್ನು ಕೇಳಬೇಕಾದರೆ ಪಡೆಯ ಹೆಸರು ಮತ್ತು ಆಳಿನ ಸಂಖ್ಯೆ ತಿಳಿದಿರಬೇಕು. ಆ ಎರಡನ್ನೂ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಿದ್ದರೆಂದು ಓದಿ ತಿಳಿದು, ನಾನು ಭೂತಕನ್ನಡಿ ಹಿಡಿದು ಕುಳಿತೆ. ಎಪ್ಪತ್ತು ಎಂಬತ್ತು ದೀಪಾವಳಿಗಳ ಹುಣಸೆಹುಳಿ ತನ್ನ ಕೆಲಸವನ್ನು ಮಾಡಿಮುಗಿಸಿತ್ತು. ಸಂಖ್ಯೆಯ ಎರಡು ಅಂಕಿಗಳೂ ಹೆಸರಿನ ಮೊದಲರ್ಧವೂ ಉಳಿದಿದ್ದವು; ಮಿಕ್ಕದ್ದು ನುಣುಪಾದ ಲೋಹ.

ಅಂಚು ಹೇಳಲಾರದ್ದನ್ನು ಆ ಲೋಹವೇ ಹೇಳಿತು. ಹಳೆಯ ಪದಕಗಳ ವಿಷಯ ಬಲ್ಲ ಮಿತ್ರರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಅಂಗೈಯಲ್ಲಿಟ್ಟು ನೋಡಿ, “ಇದು ಕಂಚಿನದಲ್ಲವೇ?” ಎಂದರು. ಹೌದೆಂದೆ. “ಹಾಗಾದರೆ ನಿಮ್ಮ ಅಜ್ಜ ಸಿಪಾಯಿಯಲ್ಲ” ಎಂದರು. 1914–18ರ ಈ ಬ್ರಿಟಿಷ್ ಯುದ್ಧಪದಕವನ್ನು ಸೈನಿಕರಿಗೆ ಬೆಳ್ಳಿಯಲ್ಲಿ ಕೊಡುತ್ತಿದ್ದರು. ಭಾರತ, ಚೀನ, ಮಾಲ್ಟಾ ಮೊದಲಾದ ದೇಶಗಳಿಂದ ಕೂಡಿಸಿದ ಕೂಲಿ ಪಡೆಗಳ ಆಳುಗಳಿಗೆ ಅದೇ ಚಿತ್ರ, ಅದೇ ಅಳತೆ. ಆದರೆ ಲೋಹ ಮಾತ್ರ ಕಂಚು. ಇಂಥ ಕಂಚಿನ ಪದಕಗಳು ಸುಮಾರು 1 ಲಕ್ಷ 10 ಸಾವಿರ ಹಂಚಲ್ಪಟ್ಟವು. ಚಿನ್ನವೆಂದು ನಾವು ಹೆಮ್ಮೆಪಟ್ಟ ಹೊಳಪು ಕೂಲಿಯ ಗುರುತಾಗಿತ್ತು.

ಆ ದಿನ ಹಂಪನಕಟ್ಟೆಯಿಂದ ಮನೆಯವರೆಗೆ ನಡೆದೇ ಬಂದೆ. ನನಗೆ ನಾಚಿಕೆಯಾಗಿತ್ತೆಂದು ಒಪ್ಪಿಕೊಳ್ಳಬೇಕು. ಕೂಲಿ ಮಾಡಿದ್ದಕ್ಕೆ ಅಲ್ಲ, ಇಷ್ಟು ವರ್ಷ ಬೇರೆ ಹೇಳಿದ್ದಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲವೆಂದು ಒಳಗಿನಿಂದ ಗೊತ್ತಿತ್ತು. ತೊಂಬತ್ತು ದಾಟಿದ ದೊಡ್ಡಮ್ಮನಿಗೆ ಇದನ್ನು ಹೇಳುವುದೋ ಬೇಡವೋ ಎಂಬ ಚಿಂತೆ ಬೇರೆ ಹತ್ತಿತು. ಹೇಳದೆಯೇ ಹುಡುಕಾಟವನ್ನು ಮುಂದುವರಿಸಿದೆ.

ಯುದ್ಧದ ಅಂಕಿ ಅಂಶಗಳನ್ನು ಓದಿದಾಗ ನನ್ನ ಅಜ್ಜ ಒಂಟಿಯಲ್ಲವೆಂದು ತಿಳಿಯಿತು. ಆ ಯುದ್ಧಕ್ಕಾಗಿ ಭಾರತದಲ್ಲಿ ಸೇರಿಸಿಕೊಂಡವರು ಸುಮಾರು 14 ಲಕ್ಷ 40 ಸಾವಿರ ಮಂದಿ. ಅವರಲ್ಲಿ ಆಯುಧ ಹಿಡಿದವರು 8 ಲಕ್ಷ 77 ಸಾವಿರ. ಉಳಿದ 5 ಲಕ್ಷ 63 ಸಾವಿರ ಮಂದಿ ಹೇಸರಗತ್ತೆ ಹೊಡೆಯುವವರು, ಡೋಲಿ ಹೊರುವವರು, ಅಡಿಗೆಯವರು, ಅಗಸರು, ಜಾಡಮಾಲಿಗಳು, ಕೂಲಿಗಳು. ದಂಡಿನ ಭಾಷೆಯಲ್ಲಿ ಇವರಿಗೆ ‘ಫಾಲೋವರ್’, ಅಂದರೆ ಹಿಂಬಾಲಕರು, ಎಂದು ಹೆಸರು. ಮದ್ರಾಸ್ ಪ್ರಾಂತವೊಂದೇ ಸುಮಾರು 51 ಸಾವಿರ ಸಿಪಾಯಿಗಳನ್ನೂ 41 ಸಾವಿರ ಹಿಂಬಾಲಕರನ್ನೂ ಕೊಟ್ಟಿತು. ಬಸ್ರಾ, ಬಾಗ್ದಾದುಗಳಿರುವ ಮೆಸೊಪೊಟೇಮಿಯಕ್ಕೆ ಭಾರತದಿಂದ ಹೋದವರು 5 ಲಕ್ಷ 88 ಸಾವಿರ. ಅವರಲ್ಲಿ 2 ಲಕ್ಷ 93 ಸಾವಿರ ಮಂದಿ ಹಿಂಬಾಲಕರು. ಸಿಪಾಯಿಗಳ ಸಂಖ್ಯೆಗೆ ಅವರ ಸಂಖ್ಯೆ ಹೆಚ್ಚುಕಡಿಮೆ ಸಮ.

ಅಷ್ಟು ಕೂಲಿಗಳು ಏಕೆ ಬೇಕಾದರು? 1914ರ ನವೆಂಬರಿನಲ್ಲಿ ಭಾರತದ ದಂಡು ಬಸ್ರಾವನ್ನು ಹಿಡಿಯಿತು. ಅಲ್ಲಿಂದ ಟೈಗ್ರಿಸ್ ನದಿಯ ಗುಂಟ ಬಾಗ್ದಾದಿನತ್ತ ನಡೆದ ಒಂದು ಪಡೆ ಕೂಟ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿ, ಐದು ತಿಂಗಳ ಹಸಿವೆಯ ಬಳಿಕ 1916ರ ಏಪ್ರಿಲ್ 29ರಂದು ಶರಣಾಯಿತು. ಸುಮಾರು 13 ಸಾವಿರ ಮಂದಿ ಸೆರೆಯಾದರು. ಈ ಅನರ್ಥಕ್ಕೆ ಕಾರಣವೇನೆಂದು ವಿಚಾರಿಸಲು ಇಂಗ್ಲೆಂಡಿನ ಸರಕಾರ ಆಯೋಗವನ್ನು ನೇಮಿಸಿತು. 1917ರಲ್ಲಿ ಹೊರಬಿದ್ದ ಅದರ ವರದಿ ಸಾಗಾಟದ ಕೊರತೆಯನ್ನು ಎತ್ತಿ ತೋರಿಸಿತು. ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಡಬೇಕಾಯಿತು. ಬಸ್ರಾದಲ್ಲಿ ದೊಡ್ಡ ಹಡಗುಗಳನ್ನು ತಾಗಿಸಲು ತಕ್ಕ ಧಕ್ಕೆ ಇರಲಿಲ್ಲ. ಸಾಮಾನು ಹೊತ್ತ ಹಡಗುಗಳು ನದಿಯಲ್ಲಿ ವಾರಗಟ್ಟಲೆ ಕಾದು ನಿಲ್ಲುತ್ತಿದ್ದವು. ಮುಂದೆ ಹಸಿದ ದಂಡು, ಹಿಂದೆ ಇಳಿಸಲಾಗದ ಅಕ್ಕಿ. ಬಸ್ರಾದ ಬಳಿಯ ಮಾಕಿಲ್‌ನಲ್ಲಿ ಧಕ್ಕೆಗಳನ್ನು ಕಟ್ಟಿದ ಮೇಲೆ, ಭಾರತದಿಂದ ತಂದ ಹಳಿಗಳನ್ನು ಮರಳಿನಲ್ಲಿ ಹಾಸಿದ ಮೇಲೆ, ಮೂಟೆಗಳು ಮುಂದೆ ಸಾಗಿದವು. 1917ರ ಮಾರ್ಚ್ 11ರಂದು ಬಾಗ್ದಾದು ಕೈವಶವಾಯಿತು. ಗೆದ್ದ ಸೇನಾಪತಿಯ ಹೆಸರು ಚರಿತ್ರೆಯ ಪುಸ್ತಕದಲ್ಲಿದೆ. ಮೂಟೆ ಹೊತ್ತವರ ಹೆಗಲಿಲ್ಲದಿದ್ದರೆ ಆ ಸೇನಾಪತಿ ಬಸ್ರಾದಿಂದ ಹೊರಡುವಂತಿರಲಿಲ್ಲ.

ಮಂಗಳೂರಿನ ಆಳಿಗೆ ಈ ಕೆಲಸವೇನೂ ಹೊಸದಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಲಾಗಾಯ್ತು ನೇತ್ರಾವತಿಯ ದಡದ ಕೆಂಪು ಹಂಚು ಬಂದರದ ಧಕ್ಕೆಯಿಂದ ಮಂಜಿಗಳಲ್ಲಿ ದೇಶಾಂತರಕ್ಕೆ ಹೋಗುತ್ತಿತ್ತು. ತಲೆಗೆ ಸಿಂಬಿಯಿಟ್ಟು, ಹಲಗೆಯ ಮೇಲೆ ಹೆಜ್ಜೆ ತಪ್ಪದೆ ನಡೆದು ಹಡಗು ತುಂಬುವ ವಿದ್ಯೆ ನಮ್ಮವರಿಗೆ ಗೊತ್ತಿತ್ತು. ಅದೇ ಯುದ್ಧದ ಕಾಲದಲ್ಲಿ ಮಿಷನ್ನಿನ ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾದರು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಹಳೆಯ ಮನೆಯೊಂದರ ಮಾಡಿನಿಂದ ಹಂಚನ್ನು ತೆಗೆದು ತಿರುವಿ ನೋಡಿದರೆ ಕಾರ್ಖಾನೆಯ ಹೆಸರನ್ನು ಇಂದಿಗೂ ಓದಬಹುದು. ಹಂಚಿನ ಊರನ್ನು ಪತ್ತೆಹಚ್ಚುವುದು ಸುಲಭ. ಹೊತ್ತವನ ಊರನ್ನು ಪತ್ತೆಹಚ್ಚುವುದು ಎಷ್ಟು ಕಷ್ಟವೆಂದು ನಾನು ನಾಲ್ಕು ವರ್ಷ ಅನುಭವಿಸಿದೆ.

ದಂಡಿನ ಪ್ರತಿಯೊಂದು ಘಟಕದ ಅಧಿಕಾರಿಯೂ ಯುದ್ಧಕಾಲದಲ್ಲಿ ದಿನಚರಿ ಬರೆಯಬೇಕಿತ್ತು. ಅಂಥ ದಿನಚರಿಗಳ ಪ್ರತಿಗಳನ್ನು ನೋಡಿದೆ. ಅಧಿಕಾರಿಗೆ ಜ್ವರ ಬಂದರೆ ಹೆಸರು ಹೇಳಿ ಬರೆದಿರುತ್ತಾರೆ; ಕೂಲಿಗಳಿಗೆ ಬಂದರೆ ಇಷ್ಟು ಮಂದಿಗೆ ಎಂದು. ಒಂದು ದಫ್ತರದಿಂದ ಬಹಳ ಸೌಜನ್ಯದ ಉತ್ತರ ಬಂತು: ಆ ಯುದ್ಧದ ಹೋರಾಟೇತರ ಆಳುಗಳ ಪ್ರತ್ಯೇಕ ಕಾಗದಗಳು ತಮ್ಮಲ್ಲಿಲ್ಲ ಎಂದು. ಪಂಜಾಬಿನ ಸೈನಿಕರನ್ನು ಹಳ್ಳಿಹಳ್ಳಿಯಾಗಿ ಪಟ್ಟಿಮಾಡಿದ ಪುಸ್ತಕಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿದ್ದವು. ಅವುಗಳಲ್ಲಿನ ಸುಮಾರು 3 ಲಕ್ಷ 20 ಸಾವಿರ ಮಂದಿಯ ದಾಖಲೆ 2021ರಿಂದೀಚೆಗೆ ಎಲ್ಲರಿಗೂ ಕಾಣುವಂತಾಗಿದೆಯೆಂದು ಓದಿ, ಆ ಕಡೆಯ ಮೊಮ್ಮಕ್ಕಳ ಭಾಗ್ಯಕ್ಕೆ ನಾನು ಹೊಟ್ಟೆಕಿಚ್ಚುಪಟ್ಟೆ.

ಕೊನೆಗೆ ಬೇಕಾದದ್ದು ಸಿಕ್ಕಿದ್ದು ಎಗ್ಮೋರಿನಲ್ಲೂ ಅಲ್ಲ, ದಿಲ್ಲಿಯಲ್ಲೂ ಅಲ್ಲ. ಜೆಪ್ಪುವಿನ ನಮ್ಮ ಮನೆಯ ಅಟ್ಟದಲ್ಲಿ. ನಮ್ಮದು ಅಳಿಯಸಂತಾನ ಕಟ್ಟಿನ ಕುಟುಂಬ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಬಂದು ಪಾಲುಪಟ್ಟಿಗೆ ದಾರಿಯಾದ ಮೇಲೆ ಎಷ್ಟೋ ಮನೆಗಳಲ್ಲಿ ಆದಂತೆ ನಮ್ಮಲ್ಲಿಯೂ ವ್ಯಾಜ್ಯವಾಗಿತ್ತು. ಒಂದು ತುಂಡು ಗದ್ದೆ ಕುಟುಂಬದ್ದೋ, ಬಸ್ರಾ ಅಜ್ಜ ಸ್ವಂತ ದುಡಿಮೆಯಿಂದ ಕೊಂಡದ್ದೋ ಎಂಬ ವಿವಾದ. ಆ ವ್ಯಾಜ್ಯದ ಕಟ್ಟಿನಲ್ಲಿ, ತೀರ್ವೆಯ ರಸೀದಿಗಳ ನಡುವೆ, ನಾಲ್ಕಾಗಿ ಮಡಚಿದ ಒಂದು ಅಚ್ಚಿನ ಕಾಗದವಿತ್ತು: ಕೂಲಿ ಪಡೆಯಿಂದ ಬಿಡುಗಡೆಯ ಪತ್ರ. ಅಜ್ಜ ದುಡಿದು ಹಣ ತಂದದ್ದಕ್ಕೆ ರುಜುವಾತೆಂದು ವಕೀಲರು ಅದನ್ನು ಇರಿಸಿಕೊಂಡಿದ್ದರು. ಗೌರವಕ್ಕಾಗಿ ಕಾಪಾಡಿದ ಪದಕದ ಅಂಚು ಸವೆದುಹೋಯಿತು. ಜಗಳಕ್ಕಾಗಿ ಕಟ್ಟಿಟ್ಟ ಕಾಗದ ಉಳಿಯಿತು.

ಅದನ್ನು ಓದಿದಾಗ ಅಷ್ಟು ವರ್ಷ ಅವರು ಸಿಗದೆ ಹೋದದ್ದೇಕೆಂಬುದೂ ತಿಳಿಯಿತು. ದಂಡಿನ ನಮೂನೆ ಕೇಳುವುದು ಕೆಲವೇ ಪ್ರಶ್ನೆಗಳನ್ನು: ಹೆಸರು, ತಂದೆಯ ಹೆಸರು, ಜಾತಿ, ಹಳ್ಳಿ, ತಾಲೂಕು, ಎತ್ತರ, ಮೈಮೇಲಿನ ಗುರುತು, ವಾರಸುದಾರ. ನಮ್ಮಲ್ಲಿ ಮನುಷ್ಯನ ಗುರುತು ತಾಯಿಯ ಮನೆಯಿಂದ, ತಾಯಿಯ ಬಳಿಯಿಂದ. ನಮೂನೆಯಲ್ಲಿ ಅದಕ್ಕೆ ಸ್ಥಳವಿಲ್ಲ. ತಂದೆಯ ಹೆಸರು ಕೇಳಿದರು, ಹೇಳಿದರು. ಆ ಬೆನ್ನಿಗೇ ಗುಮಾಸ್ತ ತಂದೆಯ ಹಳ್ಳಿಯನ್ನೇ ಇವರ ಹಳ್ಳಿಯಾಗಿ ಬರೆದುಕೊಂಡ. ಅದು ಮಂಜೇಶ್ವರದ ಕಡೆಯದು, ಆಗಿನ ಕಾಸರಗೋಡು ತಾಲೂಕು. 1956ರ ನವೆಂಬರ್ 1ರಿಂದ ಅದು ಕೇರಳದಲ್ಲಿದೆ. ಮಂಗಳೂರು ತಾಲೂಕಿನ ಹೆಸರುಗಳಲ್ಲಿ ನಾನು ಹುಡುಕುತ್ತಿದ್ದ ಮನುಷ್ಯ ಕಾಗದದಲ್ಲಿ ಇನ್ನೊಂದು ರಾಜ್ಯದವರಾಗಿ ಕುಳಿತಿದ್ದರು! ಹೆಸರನ್ನಂತೂ ತುಳು ತಿಳಿಯದ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿದ್ದ. ಪದಕದ ಅಂಚಿನಲ್ಲಿ ಉಳಿದ ಅರ್ಧ ಹೆಸರಿನೊಡನೆ ಹೋಲಿಸಿದ ಮೇಲೆಯೇ ನನಗೆ ಧೈರ್ಯ ಬಂದದ್ದು. ಪದಕದ ಎರಡು ಅಂಕಿಗಳೂ ಕಾಗದದ ಸಂಖ್ಯೆಯಲ್ಲಿ ತಮ್ಮ ತಮ್ಮ ಸ್ಥಾನದಲ್ಲಿದ್ದವು.

ವಾರಸುದಾರ ಎಂಬ ಜಾಗದಲ್ಲಿ ಹೆಂಡತಿಯ ಹೆಸರಿಲ್ಲ, ತಂದೆಯ ಹೆಸರೂ ಇಲ್ಲ. ‘ತಂಗಿ’ ಎಂದಿದೆ. ಆ ತಂಗಿಯೇ ನನ್ನ ಅಜ್ಜಿ. ಸಮುದ್ರದಾಚೆ ಸತ್ತರೆ ತನ್ನ ಬಾಕಿ ಕೂಲಿ ಯಾರಿಗೆ ಸಲ್ಲಬೇಕೆಂದು ಕೇಳಿದಾಗ ಆ ಯುವಕ ನಮ್ಮ ನಾಡಿನ ಕಟ್ಟಿನಂತೆ ಉತ್ತರ ಹೇಳಿದ್ದರು. ದಂಡಿನವರು ಆ ಒಂದು ಉತ್ತರವನ್ನು ಇದ್ದಂತೆಯೇ ಬರೆದುಕೊಂಡಿದ್ದರು. ಕಾಗದದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಈ ಪದ. ಇದರ ಜೊತೆಗೆ ಎತ್ತರ ಐದಡಿ ನಾಲ್ಕಂಗುಲ, ಎಡಹುಬ್ಬಿನ ಮೇಲೆ ಗಾಯದ ಕಲೆ, ನಡತೆ ಉತ್ತಮ, ಬಿಡುಗಡೆಗೆ ಕಾರಣ ಕರಾರಿನ ಅವಧಿ ಮುಗಿದದ್ದು. ಇಷ್ಟೇ. ಬಸ್ರಾದ ಬಿಸಿಲನ್ನು ಹೇಗೆ ತಾಳಿಕೊಂಡರು, ಜೊತೆಗೆ ಹೋದವರಾರು, ಹಿಂದಿರುಗದವರಾರು, ಇವೊಂದೂ ಇಲ್ಲ. ಸರಕಾರಕ್ಕೆ ಬೇಕಾದಷ್ಟನ್ನು ಸರಕಾರ ಬರೆದುಕೊಂಡಿತು.

ಮಂಗಳೂರಿನ ಯುದ್ಧಚರಿತ್ರೆಯಲ್ಲಿ ಇದು ಹೊಸದೂ ಅಲ್ಲ. 1783ರ ಮೇ ತಿಂಗಳಿಂದ 1784ರ ಜನವರಿಯವರೆಗೆ ಟಿಪ್ಪು ಸುಲ್ತಾನನು ಇಲ್ಲಿಯ ಕೋಟೆಯನ್ನು ಮುತ್ತಿದ್ದಾಗ ಒಳಗೆ ಹಸಿವೆಯಿಂದ ಹೋರಾಡಿದವರಲ್ಲಿ ಬಹುಮಂದಿ ಮುಂಬಯಿ ಸೈನ್ಯದ ಸಿಪಾಯಿಗಳು. ಚರಿತ್ರೆ ನೆನಪಿಟ್ಟದ್ದು ಕರ್ನಲ್ ಕ್ಯಾಂಪ್‌ಬೆಲ್ಲನನ್ನು. ಬ್ರಿಟಿಷರ ಕಾಲದಲ್ಲಿ ಮುಂಬಯಿಯ ಗ್ರೆನೇಡಿಯರ್ ಪಡೆ ‘ಮಂಗಳೂರು’ ಎಂಬ ಯುದ್ಧಗೌರವವನ್ನು ಧರಿಸಿತ್ತು. ಪಡೆಗೆ ಊರಿನ ಹೆಸರು ದಕ್ಕಿತು. ಆಳುಗಳ ಹೆಸರು ಊರಿಗೆ ದಕ್ಕಲಿಲ್ಲ.

ಬಸ್ರಾದಲ್ಲಿಯೂ ಹಾಗೆಯೇ ಆಯಿತು. ಮೆಸೊಪೊಟೇಮಿಯದಲ್ಲಿ ಸತ್ತು ಸಮಾಧಿಯಿಲ್ಲದ 40 ಸಾವಿರಕ್ಕೂ ಮಿಕ್ಕಿದ ಮಂದಿಗಾಗಿ 1929ರಲ್ಲಿ ಬಸ್ರಾ ಸ್ಮಾರಕ ತೆರೆಯಲ್ಪಟ್ಟಿತು. ಅದು ನಿಂತದ್ದು ಮಾಕಿಲ್‌ನ ಧಕ್ಕೆಯ ಮೇಲೆಯೇ. 1997ರಲ್ಲಿ ಅದನ್ನು ಅಲ್ಲಿಂದ ಬೇರೆಡೆಗೆ ಸಾಗಿಸಿದರು. ಬ್ರಿಟಿಷ್ ಸೈನಿಕರ ಹೆಸರುಗಳನ್ನು ಅದರ ಗೋಡೆಗಳಲ್ಲಿ ಕೆತ್ತಿದರು. ಭಾರತೀಯರಲ್ಲಿ ಅಧಿಕಾರಿಗಳ ಹೆಸರನ್ನು ಮಾತ್ರ ಕೆತ್ತಿ, ಉಳಿದವರನ್ನು ಪಡೆಯ ಹೆಸರಿನ ಕೆಳಗೆ ಬರಿಯ ಸಂಖ್ಯೆಯಾಗಿ ಕಾಣಿಸಿದರು. 2021ರ ಏಪ್ರಿಲಿನಲ್ಲಿ ಯುದ್ಧ ಸಮಾಧಿಗಳ ಆಯೋಗವು ತನ್ನದೇ ವಿಚಾರಣೆಯ ವರದಿಯಲ್ಲಿ ಇಂಥ ತಾರತಮ್ಯವನ್ನು ಒಪ್ಪಿ ಕ್ಷಮೆ ಯಾಚಿಸಿತು. ಏಷ್ಯ ಆಫ್ರಿಕಗಳ 45 ಸಾವಿರದಿಂದ 54 ಸಾವಿರ ಮಂದಿಯ ಸ್ಮರಣೆ ಸಮನಾಗಿ ನಡೆದಿಲ್ಲ. ಕನಿಷ್ಠ 1 ಲಕ್ಷ 16 ಸಾವಿರ, ಪ್ರಾಯಶಃ 3 ಲಕ್ಷ 50 ಸಾವಿರದವರೆಗಿನ ಮಂದಿಗೆ ಹೆಸರಿನ ಸ್ಮಾರಕವೇ ಇಲ್ಲವೆಂದು ಆ ವರದಿ ಹೇಳುತ್ತದೆ. ಸತ್ತವರ ಗತಿಯೇ ಇದಾದರೆ, ಬದುಕಿ ಬಂದ ಕೂಲಿಗೆ ಗೋಡೆಯೂ ಇಲ್ಲ, ಪಿಂಚಣಿಯ ಪುಸ್ತಕವೂ ಇಲ್ಲ. ಅವನಿಗಿದ್ದದ್ದು ಒಂದು ಕಂಚಿನ ಬಿಲ್ಲೆ, ಒಂದು ಕಾಗದ.

ಇಷ್ಟೆಲ್ಲ ಆದ ಮೇಲೆ ಒಂದು ಸಂಜೆ ಕಾಗದವನ್ನು ಹಿಡಿದುಕೊಂಡು ದೊಡ್ಡಮ್ಮನ ಮಂಚದ ಬಳಿ ಕುಳಿತೆ. ಸುತ್ತುಬಳಸಿ ವಿಷಯವನ್ನು ಹೇಳಿದೆ. ಅವರು ಕೇಳಿಸಿಕೊಂಡು, “ಅದಕ್ಕೆ ನೀನು ಇಷ್ಟು ಹೆದರಿದ್ದು ಯಾಕೆ ಮಗಾ?” ಎಂದರು. “ತಮ್ಮಲೆಗೆ ಎಣ್ಣೆ ತಿಕ್ಕುವಾಗ ನಾನು ನೋಡಿದ್ದೇನೆ. ಬಲ ಹೆಗಲಿನಲ್ಲಿ ಗೋಲಿಯಷ್ಟು ದಪ್ಪದ ಗಂಟು ಇತ್ತು. ಏನಿದು ಅಂತ ಕೇಳಿದರೆ ಬಸ್ರಾದ ಗೋಣಿ ಅಂತ ಹೇಳುತ್ತಿದ್ದರು. ಕೋವಿಯ ಸುದ್ದಿಯನ್ನು ಅವರು ಒಂದು ದಿನವೂ ಎತ್ತಿದವರಲ್ಲ. ಅದನ್ನು ಅವರ ಕೈಗೆ ಕೊಟ್ಟದ್ದು ನಾವು, ಆ ಬಿಲ್ಲೆಯ ಕುದುರೆಯನ್ನು ನೋಡಿ.”

ವಾರಸುದಾರ ಎಂಬಲ್ಲಿ ‘ತಂಗಿ’ ಎಂದು ಬರೆದಿರುವುದನ್ನು ಹೇಳಿದೆ. ಆಗ ಮಾತ್ರ ಅವರು ಕಾಗದವನ್ನು ಕೈಗೆ ತೆಗೆದುಕೊಂಡರು. ಇಂಗ್ಲಿಷ್ ಅವರಿಗೆ ಓದಲು ಬಾರದು. ತಮ್ಮ ತಾಯಿಯನ್ನು ಎಲ್ಲಿ ಬರೆದಿದ್ದಾರೆಂದು ಬೆರಳಿಟ್ಟು ತೋರಿಸಲು ಹೇಳಿದರು. ತೋರಿಸಿದೆ.

ಆಟಿ ತಿಂಗಳಲ್ಲಿ ನಮ್ಮಲ್ಲಿ ಗತಿಸಿದ ಹಿರಿಯರಿಗೆ ಎಲೆಹಾಕಿ ಬಡಿಸುವ ಕ್ರಮವಿದೆ. ಕಳೆದ ಆಟಿಯಲ್ಲಿ ಬಸ್ರಾ ಅಜ್ಜನ ಎಲೆಯ ಬಳಿ ಪದಕವನ್ನೂ ಇಡುವುದು ಬೇಡವೇ ಎಂದು ಮಕ್ಕಳು ಕೇಳಿದರು. ಇಡಿ ಎಂದರು ದೊಡ್ಡಮ್ಮ. ಆದರೆ ಹುಣಸೆಹುಳಿ ಹಾಕಿ ತಿಕ್ಕಬೇಡಿ ಎಂದರು. ನನ್ನ ಮೊಮ್ಮಗಳು ತನ್ನ ಪ್ರಬಂಧವನ್ನು ತಿದ್ದಿ ಬರೆದಳು. ಅದರಲ್ಲಿ ಕುದುರೆಯಿಲ್ಲ, ಧಕ್ಕೆ ಇದೆ.

ಕೇಳುಗರಲ್ಲಿ ಹಲವರ ಮನೆಯಲ್ಲಿ ಇಂಥದೊಂದು ಬಿಲ್ಲೆಯೋ ಕಾಗದವೋ ಇದ್ದೀತು. ಪದಕವಿದ್ದರೆ ಅದರ ಅಂಚನ್ನು ಮೊದಲು ಓದಿ ಬರೆದಿಟ್ಟುಕೊಳ್ಳಿ. ಹಳೆಯ ವ್ಯಾಜ್ಯದ ಕಟ್ಟುಗಳನ್ನು ಒಲೆಗೆ ಹಾಕುವ ಮುಂಚೆ ಬಿಚ್ಚಿ ನೋಡಿ. ಮಂಗಳೂರಿನ ಹೆಸರುಗಳಲ್ಲಿ ಸಿಗದವರನ್ನು ಕಾಸರಗೋಡಿನಲ್ಲಿ, ಅವರ ತಂದೆಯ ಹಳ್ಳಿಯಲ್ಲಿ ಹುಡುಕಿ. ಹಿರಿಯರು ಬದುಕಿದ್ದರೆ ಎಲ್ಲಕ್ಕಿಂತ ಮೊದಲು ಅವರನ್ನು ಕೇಳಿ. ನಾನು ಈ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಮಾಡಿದೆ.